ಎದುರು ಪಾರ್ಟಿ ಇಲ್ಲದ ಪುಟ

ನವೆಂಬರ್ ಹತ್ತಿರ ಬಂತು ಅಂದರೆ ನನಗೆ ಎರಡೂ ಕಡೆ ಕೆಲಸ ಜಾಸ್ತಿ. ಹಗಲು ಬೆಳಗಾವಿಯ ಖಡೇಬಜಾರದ ಹತ್ತಿರ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ರಾಜ್ಯೋತ್ಸವದ ಬ್ಯಾನರು ಮುಗಿಯುವಷ್ಟರಲ್ಲಿ ತುಳಸಿ ಲಗ್ನ ಬರುತ್ತದೆ, ಅದರ ಹಿಂದೆಯೇ ಲಗ್ನಪತ್ರಿಕೆಗಳು. ಅರ್ಧ ಕನ್ನಡದವು, ಅರ್ಧ ಮರಾಠಿಯವು. ರಾತ್ರಿ ಊಟ ಆದ ಮೇಲೆ ವಿಕಿಪೀಡಿಯ. ನನ್ನ ವೀಕ್ಷಣಾಪಟ್ಟಿಯಲ್ಲಿ, ಅಂದರೆ ಯಾರು ಏನು ತಿದ್ದಿದರು ಅಂತ ನಾನು ಕಣ್ಣಿಟ್ಟಿರುವ ಪಟ್ಟಿಯಲ್ಲಿ, ಬೆಳಗಾವಿ, ನಿಪ್ಪಾಣಿ, ಖಾನಾಪುರ, ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದ ಇಂಥವೇ ಪುಟಗಳು. ವರ್ಷವೆಲ್ಲ ಯಾರೂ ತಿರುಗಿ ನೋಡದ ಪುಟಗಳಿಗೆ ಅಕ್ಟೋಬರ್ ಕೊನೆಯಲ್ಲಿ ಜನ ಮುತ್ತುತ್ತಾರೆ. ನವೆಂಬರ್ 1ಕ್ಕೆ ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಜನಸಾಗರ, ಅದೇ ದಿನ ಊರಿನ ಇನ್ನೊಂದು ಕಡೆ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ, ಅದಕ್ಕೆ ಎದುರಾಗಿ ಅದೇ ಸಮಿತಿಯ ಸಭೆ, ಮಹಾಮೇಳಾವ. ಬೀದಿಯಲ್ಲಿ ಆಗಿದ್ದು ಸಂಜೆಯೊಳಗೆ ಪುಟಕ್ಕೂ ಬಂದಿರುತ್ತದೆ.

ಪ್ರೆಸ್ಸಿನ ಹುಡುಗ ಒಮ್ಮೆ ಕೇಳಿದ, "ಅಕ್ಕಾರ, ಇದಕ್ಕ ರೊಕ್ಕ ಎಷ್ಟ ಕೊಡ್ತಾರ್ರಿ?" ಏನೂ ಇಲ್ಲಪ್ಪ ಅಂದೆ. "ಮತ್ತ ಯಾಕ ಬೈಸ್ಕೋತೀರಿ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಸಿಕೊಳ್ಳುವುದಂತೂ ನಿಜ.

ಬರುವವರಲ್ಲಿ ಹೆಚ್ಚಿನವರು ಒಂದೇ ಕೆಲಸಕ್ಕೆ ಬರುತ್ತಾರೆ. ಒಬ್ಬ 'ಕರ್ನಾಟಕ' ಅಳಿಸಿ 'ಮಹಾರಾಷ್ಟ್ರ' ಅಂತ ಹಾಕುತ್ತಾನೆ. ಇನ್ನೊಬ್ಬ ಊರಿನಲ್ಲಿ ಮರಾಠಿ ಮಾತಾಡುವವರೇ ಇಲ್ಲ ಅನ್ನುವ ಹಾಗೆ ಒಂದಿಡೀ ಪ್ಯಾರಾ ಹಾರಿಸುತ್ತಾನೆ. ಇಬ್ಬರದ್ದೂ ರಿವರ್ಟ್ ಮಾಡಬೇಕು, ಅಂದರೆ ಪುಟವನ್ನು ಮೊದಲಿದ್ದ ಹಾಗೆ ತಿರುಗಿಸಬೇಕು. ಮೊದಲನೆಯವನದು ತೆಗೆದಾಗ ಯಾರೂ ಏನೂ ಅನ್ನುವುದಿಲ್ಲ. ಎರಡನೆಯವನದು ತೆಗೆದಾಗ ಮಾತ್ರ "ನೀವು ಕನ್ನಡದವರೇ ಹೌದಾ?" ಅಂತ ಕೇಳುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟವನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಹಿಂದಕ್ಕೆ ತಿರುಗಿಸಿದರೆ ಬ್ಲಾಕ್ ಮಾಡಬಹುದು. ನಿಮ್ಮ ಮಾತು ಸರಿ ಇದ್ದರೂ ಅಷ್ಟೇ. ಜಗಳ ಬಹಳ ಆದರೆ ನಿರ್ವಾಹಕರು ಪುಟಕ್ಕೆ ಅರೆಬೀಗ ಹಾಕುತ್ತಾರೆ. ಆಗ ಹೊಸದಾಗಿ ಖಾತೆ ತೆರೆದವರು, ಖಾತೆಯೇ ಇಲ್ಲದವರು ತಿದ್ದಲು ಆಗುವುದಿಲ್ಲ. ಇದೆಲ್ಲ ಸುಮ್ನೆ ಪೊಲೀಸ್ ಕೆಲಸ. ನಾನು ಹೇಳಬೇಕು ಅಂದುಕೊಂಡದ್ದು ಬೇರೆ.

ಲಿಪಿಯ ಜಗಳ ನಿಮಗೆ ಗೊತ್ತಿರಬಹುದು. ಇಂಗ್ಲಿಷ್ ಲೇಖನದ ಮೊದಲ ಸಾಲಿನಲ್ಲಿ ಊರಿನ ಹೆಸರನ್ನು ಸ್ಥಳೀಯ ಲಿಪಿಯಲ್ಲಿ ಬರೆಯುವ ರೂಢಿ ಇತ್ತು. ನಮ್ಮಂಥ ಊರಿಗೆ ಯಾವ ಲಿಪಿ? ಎರಡೂ ಹಾಕಿದರೆ ಯಾವುದು ಮೊದಲು? ಭಾರತದ ಎಷ್ಟೋ ಪುಟಗಳಲ್ಲಿ ಇದೇ ಹಾಡು. ಕೊನೆಗೆ 2012ರಲ್ಲಿ ಭಾರತದ ಲೇಖನಗಳ ಆರಂಭದಲ್ಲಿ ಭಾರತೀಯ ಲಿಪಿಗಳೇ ಬೇಡ ಅಂತ ಅಲ್ಲಿನ ಸಂಪಾದಕರು ಒಪ್ಪಂದಕ್ಕೆ ಬಂದರು. ಜಗಳ ನಿಂತಿತು, ನಿಜ. ಆದರೆ ದಿನವಿಡೀ ಎರಡು ಲಿಪಿಗಳಲ್ಲಿ ಅಕ್ಷರ ಜೋಡಿಸುವ ನನಗೆ ಈ ತೀರ್ಮಾನ ಈಗಲೂ ಸೇರುವುದಿಲ್ಲ. ಸೇರದಿದ್ದರೂ ಪಾಲಿಸುತ್ತೇನೆ.

ಕೊಲ್ಹಾಪುರದವರೊಬ್ಬರು ಸಿಕ್ಕಿದ್ದು ಇಂಥದ್ದೇ ಒಂದು ಚರ್ಚೆ ಪುಟದಲ್ಲಿ. ಅವರ ಮುಖ ನೋಡಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ. ಬೆಳಗಾವಿ ಮಹಾರಾಷ್ಟ್ರಕ್ಕೇ ಸೇರಬೇಕಿತ್ತು ಅನ್ನುವುದು ಅವರ ಖಚಿತ ಅಭಿಪ್ರಾಯ. ನನ್ನದು ಅಷ್ಟೇ ಖಚಿತವಾಗಿ ಉಲ್ಟಾ. ಮೊದಲ ಜಟಾಪಟಿ ಆದದ್ದು ಹಳ್ಳಿಗಳ ಲೆಕ್ಕದ ಮೇಲೆ. ಮಹಾರಾಷ್ಟ್ರ ಕೇಳುವುದು 814 ಹಳ್ಳಿ ಅಂತ ನಾನು. 865 ಅಂತ ಅವರು. ಎರಡಕ್ಕೂ ಪತ್ರಿಕೆಗಳ ಆಧಾರ ಇತ್ತು. ಇಬ್ಬರೂ ಹಟ ಹಿಡಿದೆವು. ಆಮೇಲೆ ಅವರೇ ಕೂತು ಬಿಡಿಸಿದರು. 814 ಹಳೆಯ ಲೆಕ್ಕ, ಗಡಿಯ ಬಗ್ಗೆ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ ಕಾಲದ ಬೇಡಿಕೆ. 865 ಅನ್ನುವುದು 2022ರ ಡಿಸೆಂಬರ್ 27ರಂದು ಮಹಾರಾಷ್ಟ್ರ ವಿಧಾನಮಂಡಲ ಪಾಸು ಮಾಡಿದ ಠರಾವಿನಲ್ಲಿರುವುದು. ಅದಕ್ಕೆ ಐದು ದಿನ ಮೊದಲು ಇಲ್ಲಿ, ನಮ್ಮ ಊರಲ್ಲೇ, ಒಂದಿಂಚು ನೆಲವನ್ನೂ ಕೊಡುವುದಿಲ್ಲ ಅಂತ ಕರ್ನಾಟಕವೂ ನಿರ್ಣಯ ಮಾಡಿತ್ತು. ಆ ತಿಂಗಳು ಎರಡೂ ಕಡೆ ಗಾಡಿಗಳ ಮೇಲೆ ಕಲ್ಲು ಬಿದ್ದಿತ್ತು, ಗಡಿ ದಾಟುವ ಬಸ್ಸು ನಿಂತಿದ್ದವು. ಹೊರಗೆ ಹಾಗಿರುವಾಗ ಒಳಗೆ ನಾವಿಬ್ಬರು ಎರಡೂ ಸಂಖ್ಯೆಗಳನ್ನು ಅವುಗಳ ಇಸವಿಯೊಂದಿಗೆ ಬರೆದು ಮುಗಿಸಿದೆವು. ಆ ಸಾಲನ್ನು ಆಮೇಲೆ ನಾವಿಬ್ಬರೂ ಮುಟ್ಟಿಲ್ಲ.

ಜನಗಣತಿಯದು ಇನ್ನೂ ಮಜಾ ಇದೆ. ನಮ್ಮ ಕಡೆಯವರು ಯಾವಾಗಲೂ ಜಿಲ್ಲೆಯ ಅಂಕಿ ತರುತ್ತಾರೆ. 1881ರ ಗಣತಿ ತೆಗೆದರೂ ಬೆಳಗಾವಿ ಜಿಲ್ಲೆಯಲ್ಲಿ ಕನ್ನಡದವರೇ ಬಹಳ. 1884ರ ಮುಂಬಯಿ ಪ್ರಾಂತ್ಯದ ಗೆಜೆಟಿಯರ್ ನೋಡಿದರೆ ಸಾಕು. ಆ ಕಡೆಯವರು ಯಾವಾಗಲೂ ಊರಿನ ಅಂಕಿ ತರುತ್ತಾರೆ. 1951ರಲ್ಲಿ ಬೆಳಗಾವಿ ಶಹರದಲ್ಲಿ ಮರಾಠಿ ಮಾತಾಡುವವರೇ ಬಹಳ. ಯಾರ ಅಂಕಿಯೂ ಸುಳ್ಳಲ್ಲ. ಬೇಕಾದ ಉತ್ತರ ಬರುವ ಅಳತೆಗೋಲನ್ನು ಇಬ್ಬರೂ ಆರಿಸಿಕೊಂಡಿರುತ್ತಾರೆ. ಅಸಲಿಗೆ ಇಡೀ ವಿವಾದವೇ ಅಲ್ಲಿದೆ ಅಲ್ವಾ? ಹಳ್ಳಿಯನ್ನೇ ಒಂದು ಘಟಕ ಅಂತ ಹಿಡಿಯಿರಿ ಅನ್ನುವುದು ಮಹಾರಾಷ್ಟ್ರದ ವಾದ. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಜಿಲ್ಲೆ, ತಾಲೂಕು ನೋಡಿಯೇ ಗೆರೆ ಎಳೆದದ್ದು. ಕೊಲ್ಹಾಪುರದವರು ಜಿಲ್ಲೆಯ ಅಂಕಿ ತೆಗೆಯಿರಿ ಅನ್ನಲಿಲ್ಲ, ಪಕ್ಕದಲ್ಲಿ ಶಹರದ್ದೂ ಇರಲಿ ಅಂದರು. ಹಾಕಿದೆ. ನನಗೆ ಇಷ್ಟವಿರಲಿಲ್ಲ, ಆದರೆ ಬೇಡ ಅನ್ನಲು ಕಾರಣವೂ ಸಿಗಲಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇದೆ. ಹೆಣ್ಣಿನ ಕಡೆಯವರು ಕನ್ನಡದವರು, ಗಂಡಿನ ಕಡೆಯವರು ಮರಾಠಿಯವರು ಆದರೆ ಲಗ್ನಪತ್ರಿಕೆಯ ಪ್ರೂಫಿಗೆ ಎರಡೂ ಮನೆಯವರ ಸಹಿ ಬೇಕು. ಒಂದೇ ಮನೆಯವರು ನೋಡಿದರೆ ತಮ್ಮ ಕಡೆಯ ಕಾಕಾ, ಮಾವಂದಿರ ಹೆಸರು ಸರಿ ಇದೆಯಾ ಅಂತ ನೋಡಿ ಹೂಂ ಅಂದುಬಿಡುತ್ತಾರೆ. ಇಂಗ್ಲಿಷ್ ವಿಕಿಪೀಡಿಯದ ಪುಟಕ್ಕೆ ಹಾಗೆ ಎರಡೂ ಮನೆಯ ಸಹಿ ಬೀಳುತ್ತದೆ. ಕನ್ನಡದ ಪುಟಕ್ಕೆ ಬೀಳುವುದು ಒಂದೇ ಮನೆಯದು. ಕನ್ನಡ ವಿಕಿಪೀಡಿಯಕ್ಕೆ ಬರುವವರೆಲ್ಲ ನಾವೇ, ಮರಾಠಿಯದಕ್ಕೆ ಅವರೇ. ಎರಡೂ 2003ರಲ್ಲಿ ಹುಟ್ಟಿದವು, ಎರಡು ದಶಕ ಅಕ್ಕಪಕ್ಕ ಬೆಳೆದಿವೆ, ಆದರೆ ಗಡಿ ವಿಷಯದಲ್ಲಿ ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಂಡದ್ದನ್ನು ನಾನು ಕಂಡಿಲ್ಲ. ನನ್ನ ಅನುಭವದಲ್ಲಿ ಜಗಳ ಇಲ್ಲದ ಪುಟಗಳೇ ಹೆಚ್ಚು ಬಡವಾಗಿರುತ್ತವೆ.

ಉದಾಹರಣೆಗೆ ಮಹಾಜನ ವರದಿ. ಅದೇ ಅಂತಿಮ ಅಂತ ನಾವು ಚಿಕ್ಕವರಿದ್ದಾಗಿನಿಂದ ಗೋಡೆ ಮೇಲೆ ಓದಿದ್ದೇವೆ. ಸುಪ್ರೀಂ ಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ ಅವರ ಆಯೋಗವನ್ನು ಕೇಂದ್ರ 1966ರಲ್ಲಿ ನೇಮಿಸಿತು, 1967ರಲ್ಲಿ ವರದಿ ಬಂತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ ಅಂತ ಅದರಲ್ಲಿದೆ. 247 ಹಳ್ಳಿ ನಮಗೆ ಬರಲಿ ಅಂತಲೂ ಇದೆ. ಅದೇ ವರದಿಯಲ್ಲಿ 264 ಹಳ್ಳಿ ಮಹಾರಾಷ್ಟ್ರಕ್ಕೆ ಹೋಗಲಿ ಅಂತಲೂ ಇದೆ. ನಿಪ್ಪಾಣಿ, ಖಾನಾಪುರ, ನಂದಗಡ ಆ ಪಟ್ಟಿಯಲ್ಲಿವೆ. ನಂದಗಡ ಅಂದರೆ ಬ್ರಿಟಿಷರು 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಈಗಲೂ ಜನ ಅಲ್ಲಿಗೆ ಹೋಗಿ ಕೈ ಮುಗಿದು ಬರುತ್ತಾರೆ.

264 ಹಳ್ಳಿಯ ಆ ಒಂದು ವಾಕ್ಯವನ್ನು ಕನ್ನಡ ಪುಟಕ್ಕೆ ಹಾಕಿದೆ. ಅಂದೇ ರಾತ್ರಿ ಖಾತೆ ಇಲ್ಲದ ಯಾರೋ ತೆಗೆದರು. ಕಾರಣದ ಜಾಗದಲ್ಲಿ 'ನಾಡದ್ರೋಹಿ' ಅಂತ ಬರೆದಿದ್ದರು. ನಾನು ಮತ್ತೆ ಹಾಕಲಿಲ್ಲ. ಚರ್ಚೆ ಪುಟದಲ್ಲಿ ಬರೆದೆ, ಯಾರೂ ಬರಲಿಲ್ಲ. ಕನ್ನಡ ವಿಕಿಪೀಡಿಯದವರೆಲ್ಲ ಸೇರಿ ಮಾತಾಡುವ ಅರಳಿಕಟ್ಟೆ ಪುಟದಲ್ಲಿ ಕೇಳಿದೆ, ಇಬ್ಬರು ಬಂದರು. ಒಬ್ಬರು, ವರದಿಯನ್ನೇ ಆಧಾರ ಅಂತ ತೋರಿಸುವುದಕ್ಕಿಂತ ಅದರ ಬಗ್ಗೆ ಬರೆದ ಪುಸ್ತಕವನ್ನೋ ಪತ್ರಿಕೆಯನ್ನೋ ತೋರಿಸಿ ಅಂದರು. ಸರಿಯಾದ ಮಾತು. ಇನ್ನೊಬ್ಬರು, "ನಿಜ ಇರಬಹುದು, ಆದರೆ ಕನ್ನಡದಲ್ಲಿ ಯಾಕೆ ಬೇಕು?" ಅಂದರು. ಇದಕ್ಕೆ ನನಗೆ ಸಿಟ್ಟು ಬಂತು. ಕನ್ನಡದಲ್ಲಿ ಓದುವವರಿಗೆ ಅರ್ಧ ಸಾಕು ಅಂತಲೇ? ಗೋಡೆ ಮೇಲೆ ಆ ಘೋಷಣೆ ಬರೆಯುವ ಹುಡುಗನಿಗೆ ತಾನು ಏನು ಕೇಳುತ್ತಿದ್ದೇನೆ ಅನ್ನುವುದು ಗೊತ್ತಿರಬೇಡವೇ? ಆಧಾರ ಬದಲಿಸಿ ಹಾಕಿದೆ. ಸದ್ಯಕ್ಕೆ ಉಳಿದಿದೆ.

ಕೊಲ್ಹಾಪುರದವರಿಗೆ ಈ ಕಥೆ ಹೇಳಿದೆ, ಮರಾಠಿಯಲ್ಲೇ. ಅವರು ನಕ್ಕು, ಮರಾಠಿ ಪುಟದಲ್ಲಿ ಅಕ್ಕಲಕೋಟ, ಜತ್ತ ಕಡೆಯ ಹಳ್ಳಿಗಳು ಕರ್ನಾಟಕಕ್ಕೆ ಅಂತ ಅದೇ ವರದಿ ಹೇಳಿದ್ದನ್ನು ಹಾಕಲು ಹೋಗಿ ತಾವೂ ಬೈಸಿಕೊಂಡದ್ದನ್ನು ಬರೆದರು. ಅಂದಿನಿಂದ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಗಡಿಯ ಬಗ್ಗೆ ಕನ್ನಡದಲ್ಲಿ ನಾನು ಬರೆದದ್ದರ ಸಾರವನ್ನು ಅವರಿಗೆ ಕಳಿಸುತ್ತೇನೆ. ಅವರು ಬರೆದದ್ದನ್ನು ನಾನು ಓದುತ್ತೇನೆ. ಅವರು ಕನ್ನಡ ಓದಲಾರರು, ಹಾಗಾಗಿ ನನ್ನ ಕೆಲಸ ಸ್ವಲ್ಪ ಹೆಚ್ಚು. ಸುಪ್ರೀಂ ಕೋರ್ಟಿನಲ್ಲಿ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆಯ ಭಾಗವನ್ನು ಹೀಗೇ ನೋಡಿದೆವು. ನನ್ನ ಕರಡಿನಲ್ಲಿ ಕರ್ನಾಟಕದ ವಾದಕ್ಕೆ ಎರಡು ಪ್ಯಾರಾ, ಅವರ ವಾದಕ್ಕೆ ಒಂದು ಸಾಲು ಇತ್ತು. ಅವರ ಕರಡಿನಲ್ಲೂ ಹಾಗೇ, ಉಲ್ಟಾ. ಇಬ್ಬರೂ ಒಬ್ಬರ ಎರಡು ಪ್ಯಾರಾ ಇನ್ನೊಬ್ಬರಿಗೆ ಕೊಟ್ಟುಕೊಂಡೆವು.

ಅವರ ಮನಸ್ಸು ಬದಲಾಗಿಲ್ಲ, ನನ್ನದೂ ಇಲ್ಲ. ಕಳೆದ ಕರಾಳ ದಿನಕ್ಕೆ ಅವರು ತಮ್ಮ ಬಳಕೆದಾರ ಪುಟದಲ್ಲಿ ಏನು ಹಾಕಿದ್ದರೋ ಅದನ್ನು ನೋಡಿ ಎರಡು ದಿನ ನಾನು ಮಾತು ಬಿಟ್ಟಿದ್ದೆ.

ಈಗ ಖಾನಾಪುರ ತಾಲೂಕಿನ ಪುಟ ಹಿಡಿದಿದ್ದೇನೆ. ಹಲಸಿಯ ಕದಂಬರ ಕಾಲದಿಂದ ಶುರುವಾಗಿ 1956ಕ್ಕೆ ಬಂದು ಗಕ್ಕನೆ ನಿಲ್ಲುತ್ತದೆ. ಆಮೇಲಿನದ್ದಕ್ಕೆ ಹಳೆಯ ಕನ್ನಡ, ಮರಾಠಿ ಪತ್ರಿಕೆಗಳು ಬೇಕು. ನಿಮ್ಮ ಮನೆಯ ಅಟ್ಟದ ಮೇಲೆ ಅರವತ್ತರ ದಶಕದವು ಇದ್ದರೆ, ರದ್ದಿಗೆ ಹಾಕುವ ಮೊದಲು ತಾರೀಖು ಕಾಣುವ ಹಾಗೆ ಒಂದು ಫೋಟೊ ತೆಗೆದು ಇಡಿ. ಯಾವ ಪಕ್ಷದ ಪತ್ರಿಕೆಯಾದರೂ ನಡೆಯುತ್ತದೆ.