ಮಾರ್ಚ್ 15ಕ್ಕೆ ಮುಂಚಿನ ಒಂದು ದಿನ

ಕ್ಯಾಲಿಫೋರ್ನಿಯಾದ ಶಾಲಾ ಜಿಲ್ಲೆಯ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಮುಂದಿನ ಶೈಕ್ಷಣಿಕ ವರ್ಷ ಜನವರಿ ಕೊನೆಯ ವಾರದಲ್ಲೇ ಶುರುವಾಗಿಬಿಡುತ್ತದೆ. ಹಣಕಾಸಿನವರು, ಸಿಬ್ಬಂದಿ ವಿಭಾಗದವರು, ಎಲ್ಲ ಶಾಲೆಗಳ ಪ್ರಿನ್ಸಿಪಾಲರು ಒಂದೇ ಕೋಣೆಯಲ್ಲಿ ಕೂತು, ಯಾವ ಶಾಲೆಗೆ ಎಷ್ಟು ಶಿಕ್ಷಕರು ಎಂದು ತೀರ್ಮಾನಿಸುವ ದಿನ ಅದು. ಇಲ್ಲಿ ಜಿಲ್ಲೆ ಎಂದರೆ ನಮ್ಮ ಕಡೆಯ ಡಿಸಿ ಆಳುವ ಜಿಲ್ಲೆಯಲ್ಲ. ಚುನಾಯಿತ ಬೋರ್ಡು, ಸ್ವಂತ ಬಜೆಟ್ಟು, ಸ್ವಂತ ನೌಕರರು ಇರುವ, ಶಾಲೆ ನಡೆಸುವುದೊಂದೇ ಕೆಲಸವಾದ ಸ್ಥಳೀಯ ಸಂಸ್ಥೆ. ಅಮೆರಿಕದಲ್ಲಿ ಇಂಥವು 13,000ಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹಳಷ್ಟರ ಈಗಿನ ತಲೆನೋವು ಒಂದೇ: ಮಕ್ಕಳು ಕಡಿಮೆಯಾಗುತ್ತಿದ್ದಾರೆ. 2007ರಲ್ಲಿ ದೇಶದಲ್ಲಿ 43 ಲಕ್ಷ ಶಿಶುಗಳು ಹುಟ್ಟಿದ್ದವು, 2020ರಲ್ಲಿ 36 ಲಕ್ಷ. ಸರ್ಕಾರಿ ಶಾಲೆಗಳ ದಾಖಲಾತಿ 2019ರ 5.08 ಕೋಟಿಯಿಂದ ಒಂದೇ ವರ್ಷದಲ್ಲಿ 4.94 ಕೋಟಿಗೆ ಇಳಿಯಿತು.

ಆ ದಿನದ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಬೆಳಗಿನಿಂದ ಸಂಜೆಯವರೆಗೆ ಬರೆಯುತ್ತಿದ್ದೇನೆ. ಲೆಕ್ಕ ಅರ್ಥವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಎಂಟು ಪ್ರಾಥಮಿಕ ಶಾಲೆಗಳಿರುವ, ಮೇಲಿನ ತರಗತಿಗಳ ಶಾಲೆಗಳೂ ಸೇರಿ ಒಟ್ಟು 8,000 ಮಕ್ಕಳಿರುವ ಮಧ್ಯಮ ಗಾತ್ರದ ಜಿಲ್ಲೆ ಎಂದುಕೊಳ್ಳಿ.

ಬೆಳಿಗ್ಗೆ ಎಂಟಕ್ಕೆ ಮೊದಲು ತೆರೆಯುವುದು ದಾಖಲಾತಿಯ ಅಂದಾಜು. ಅಕ್ಟೋಬರ್ ಮೊದಲ ಬುಧವಾರದ ಎಣಿಕೆಯೇ ಇದಕ್ಕೆ ಬುನಾದಿ. ವಿಧಾನ ಸರಳ. ಕಳೆದ ವರ್ಷ ಮೂರನೇ ತರಗತಿಯಲ್ಲಿದ್ದ 500 ಮಕ್ಕಳಲ್ಲಿ ಈ ವರ್ಷ ನಾಲ್ಕರಲ್ಲಿ 490 ಮಂದಿ ಇದ್ದರೆ ಅನುಪಾತ 0.98. ಹೀಗೆ ಪ್ರತಿ ತರಗತಿಗೂ ನಾಲ್ಕೈದು ವರ್ಷಗಳ ಅನುಪಾತ ತೆಗೆದು, ಇತ್ತೀಚಿನ ವರ್ಷಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ಮಾಡಬೇಕು. ಕಿಂಡರ್‌ಗಾರ್ಟನ್‌ಗೆ ಹಿಂದಿನ ತರಗತಿಯ ಆಧಾರ ಸಾಲದು. ಐದು ವರ್ಷ ಹಿಂದಿನ ಸ್ಥಳೀಯ ಜನನ ಸಂಖ್ಯೆಯನ್ನು ತೆಗೆದುಕೊಂಡು, ಅವರಲ್ಲಿ ನಮ್ಮ ಬಾಗಿಲಿಗೆ ಬರುವವರು ಶೇಕಡ ಎಷ್ಟು ಎಂದು ನೋಡಬೇಕು.

ಕೆಡುವುದು ಮೂರು ಕಡೆ. ಕೋವಿಡ್ ವರ್ಷದ ಅನುಪಾತ ಲೆಕ್ಕದಲ್ಲಿ ಉಳಿದರೆ ಇಡೀ ಸರಣಿ ಓಲಾಡುತ್ತದೆ, ಅದನ್ನು ತೆಗೆದೇ ಹಾಕಬೇಕು. ಎರಡನೆಯದು, ನಾಲ್ಕು ವರ್ಷದ ಮಕ್ಕಳಿಗಾಗಿ ರಾಜ್ಯ ಹಂತಹಂತವಾಗಿ ವಿಸ್ತರಿಸಿ 2025–26ಕ್ಕೆ ಪೂರ್ಣಗೊಳಿಸಿದ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್, ಅಂದರೆ ಟಿಕೆ ತರಗತಿ. ಅದು ತುಂಬಿದಂತೆಲ್ಲ ಒಟ್ಟು ದಾಖಲಾತಿ ಏರಿದಂತೆ ಕಾಣುತ್ತದೆ. ನಿಜದಲ್ಲಿ ಒಂದು ಹೊಸ ತರಗತಿ ಸೇರಿದೆ ಅಷ್ಟೆ, ಉಳಿದವು ಇಳಿಯುತ್ತಲೇ ಇರುತ್ತವೆ. ಟಿಕೆಯನ್ನು ಬೇರೆ ಸಾಲಿನಲ್ಲಿಟ್ಟು ನೋಡದ ಬೋರ್ಡು ಇಳಿಕೆ ನಿಂತಿತೆಂದು ನಂಬಿ ಕೂರುತ್ತದೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ. ಪ್ರತಿ ಶಾಲೆಯ ಅಂದಾಜನ್ನು ಪ್ರತ್ಯೇಕವಾಗಿ ಮಾಡಿ ಕೂಡಿಸುವುದು. ಪ್ರತಿ ಪ್ರಿನ್ಸಿಪಾಲರೂ ಐದಾರು ಮಕ್ಕಳನ್ನು ಆಸೆಯ ಮೇಲೆ ಸೇರಿಸಿರುತ್ತಾರೆ. ಕೂಡಿದಾಗ ಇಲ್ಲದ ನಲವತ್ತು ಐವತ್ತು ಮಕ್ಕಳು ಹುಟ್ಟಿಕೊಂಡಿರುತ್ತಾರೆ. ಮೊದಲು ಇಡೀ ಜಿಲ್ಲೆಯ ಸಂಖ್ಯೆ ನಿಗದಿ ಮಾಡಿ, ಆಮೇಲೆ ಅದನ್ನು ಶಾಲೆಗಳಿಗೆ ಹಂಚಬೇಕು.

ಒಂಬತ್ತೂವರೆಗೆ ಆದಾಯದ ಪುಟ. ಹೆಚ್ಚಿನವರು ಎಡವುವುದು ಇಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಬರುವುದು ದಾಖಲಾದ ತಲೆಗಳಿಗಲ್ಲ, ಸರಾಸರಿ ದಿನದ ಹಾಜರಾತಿಗೆ. 8,000 ಮಕ್ಕಳು, ಶೇ 94 ಹಾಜರಾತಿ ಎಂದರೆ 7,520. ಜೊತೆಗೆ, ಈ ವರ್ಷದ ಹಾಜರಾತಿ, ಕಳೆದ ವರ್ಷದ್ದು, ಹಿಂದಿನ ಮೂರು ವರ್ಷಗಳ ಸರಾಸರಿ, ಈ ಮೂರರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಣ ಕೊಡಬೇಕೆಂದು 2022ರಲ್ಲಿ ರಾಜ್ಯ ನಿಯಮ ಮಾಡಿತು. ಇಳಿಯುತ್ತಿರುವ ಜಿಲ್ಲೆಗೆ ಇದು ಉಪಕಾರ. ಆದರೆ ನೋವು ಗೊತ್ತಾಗದಂತೆ ಮಾಡುವ ಉಪಕಾರ.

ಬೇರೊಂದು ಜಿಲ್ಲೆಯಲ್ಲಿ ಹಾಜರಾತಿ ಸತತ ನಾಲ್ಕು ವರ್ಷ 8,000, 7,800, 7,600, 7,400 ಎಂದಿಟ್ಟುಕೊಳ್ಳಿ. ನಾಲ್ಕನೇ ವರ್ಷ ಹಣ ಬರುವುದು ಹಿಂದಿನ ಮೂರರ ಸರಾಸರಿಗೆ, ಅಂದರೆ 7,800ಕ್ಕೆ. ಬೆಂಚಿನ ಮೇಲಿರುವವರಿಗಿಂತ 400 ಹೆಚ್ಚು. ಒಬ್ಬರಿಗೆ 13,000 ಡಾಲರ್ ಹಿಡಿದರೆ 52 ಲಕ್ಷ ಡಾಲರ್. ಈಗ ಇಳಿಕೆ ಅಲ್ಲಿಗೇ ನಿಂತು, ಹಾಜರಾತಿ 7,400ರಲ್ಲೇ ಉಳಿಯಿತು ಎನ್ನಿ. ಮುಂದಿನ ವರ್ಷ ಹಣ 7,600ಕ್ಕೆ, ಅದರ ಮುಂದಿನ ವರ್ಷ 7,467ಕ್ಕೆ, ಆಮೇಲೆ 7,400ಕ್ಕೆ. ಮಕ್ಕಳ ಸಂಖ್ಯೆ ಒಂದೂ ಕಡಿಮೆಯಾಗದೆ ಆದಾಯ ಮೂರು ವರ್ಷ ಕುಸಿಯುತ್ತದೆ. ಬೋರ್ಡಿಗೆ ತೋರಿಸುವ ಕೋಷ್ಟಕದಲ್ಲಿ 'ಹಣ ಬಂದ ಹಾಜರಾತಿ' ಮತ್ತು 'ನಿಜ ಹಾಜರಾತಿ' ಎಂಬ ಎರಡು ಸಾಲುಗಳು ಅಕ್ಕಪಕ್ಕ ಇರಲೇಬೇಕು ಎಂದು ಹಟ ಹಿಡಿಯುವುದು ಇದಕ್ಕೇ. ಎರಡರ ಅಂತರವೇ ಮುಂದೆ ತೀರಿಸಬೇಕಾದ ಸಾಲ.

ಇದೇ ನಿಯಮದಿಂದ ಇನ್ನೊಂದು ಎಡವಟ್ಟು. ಹಾಜರಾತಿ ಶೇ 1 ಏರಿಸಿದರೆ 80 ಮಕ್ಕಳ ದುಡ್ಡು, ಹತ್ತು ಲಕ್ಷ ಡಾಲರ್ ಬಂದೇ ಬಂತು ಎಂದು ಯಾರಾದರೂ ಉತ್ಸಾಹದಿಂದ ಹೇಳುತ್ತಾರೆ. ಜಿಲ್ಲೆ ಮೂರು ವರ್ಷಗಳ ಸರಾಸರಿಯ ಮೇಲೆ ನಿಂತಿದ್ದರೆ ಈ ವರ್ಷ ಆ ಹಣ ಬರುವುದಿಲ್ಲ. ಮುಂದಿನ ವರ್ಷದಿಂದ ಮೂರು ಕಂತಾಗಿ ಸರಾಸರಿಯೊಳಕ್ಕೆ ಇಳಿಯುತ್ತದೆ. ಹಾಜರಾತಿಯ ಕೆಲಸ ಮಾಡಬಾರದು ಎಂದಲ್ಲ, ಮಕ್ಕಳಿಗಾಗಿ ಮಾಡಲೇಬೇಕು. ಬಜೆಟ್ಟಿನಲ್ಲಿ ಮಾತ್ರ ಈ ವರ್ಷವೇ ಬರೆದುಕೊಳ್ಳಬಾರದು. ಮಾಡುವಾಗಲೂ, 180 ದಿನಗಳಲ್ಲಿ 18 ದಿನ ತಪ್ಪಿಸಿಕೊಂಡವರ ಪಟ್ಟಿ ಹಿಡಿದು ಏಪ್ರಿಲ್‌ನಲ್ಲಿ ಮನೆಮನೆಗೆ ಹೋಗಿ ಪ್ರಯೋಜನ ಕಡಿಮೆ. ಅಕ್ಟೋಬರ್ ಹೊತ್ತಿಗೇ ನಾಲ್ಕೈದು ದಿನ ತಪ್ಪಿಸಿದವರಿಗೆ ಫೋನ್ ಮಾಡಬೇಕು.

ಹತ್ತೂವರೆಯಿಂದ ಪ್ರಿನ್ಸಿಪಾಲರು ಒಬ್ಬೊಬ್ಬರಾಗಿ ಬರುತ್ತಾರೆ. ಪ್ರತಿಯೊಬ್ಬರಿಗೂ ಮುಕ್ಕಾಲು ಗಂಟೆ. ಗಟ್ಟಿ ಪ್ರಶ್ನೆ ಏಳುವುದೇ ಇಲ್ಲಿ: ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನೂ ಅಷ್ಟೇ ಕಡಿಮೆ ಮಾಡಿದರಾಯಿತಲ್ಲ? ಆಗುವುದಿಲ್ಲ. ಟಿಕೆಯಿಂದ ಐದರವರೆಗೆ ಏಳು ತರಗತಿ, ಎಂಟು ಶಾಲೆ, ಒಟ್ಟು 56 ಮನೆಗಳ, ಅಂದರೆ ಚೌಕಗಳ, ಕೋಷ್ಟಕ. 112 ಮಕ್ಕಳು ಹೋದರೆ ಮನೆಗೆ ಇಬ್ಬರಂತೆ ಹೋಗಿರುತ್ತಾರೆ. ಹದಿನಾಲ್ಕೂವರೆ ಲಕ್ಷ ಡಾಲರ್ ಆದಾಯ ಹೋಯಿತು, ಆದರೆ ಮುಚ್ಚಬಹುದಾದ ತರಗತಿ ಒಂದೋ ಎರಡೋ. 24 ಮಕ್ಕಳ ಜಾಗದಲ್ಲಿ 22 ಇದ್ದಾರೆ, ಅಷ್ಟೆ.

ಹಾಗಾಗಿ ಪ್ರತಿ ಮನೆಯನ್ನೂ ಕೆದಕಬೇಕು. ಒಂದು ಶಾಲೆಯಲ್ಲಿ ಕಿಂಡರ್‌ಗಾರ್ಟನ್ 44, ಒಂದನೆಯದು 49, ಎರಡನೆಯದು 40, ಮೂರನೆಯದು 47. ಪ್ರಿನ್ಸಿಪಾಲರು ಒಂದನೇ ತರಗತಿಗೆ ಮೂರನೇ ಶಿಕ್ಷಕಿ ಬೇಕು ಎನ್ನುತ್ತಾರೆ, 24 ದಾಟಿತಲ್ಲ ಎಂದು. ರಾಜ್ಯದ ನಿಯಮ ಓದಿದರೆ, 24 ಎಂಬುದು ಆ ಶಾಲೆಯ ಕಿಂಡರ್‌ಗಾರ್ಟನ್‌ನಿಂದ ಮೂರರವರೆಗಿನ ಎಲ್ಲ ತರಗತಿಗಳ ಸರಾಸರಿ. 180 ಮಕ್ಕಳು, ಎಂಟು ಕೋಣೆ, ಸರಾಸರಿ 22.5. ಒಂದನೇ ತರಗತಿಯ ಎರಡು ಕೋಣೆಗಳು 25 ಮತ್ತು 24 ಆಗಿ ನಡೆಯಬಹುದು, ಯೂನಿಯನ್ ಒಪ್ಪಂದದ ಮಿತಿ ಅದಕ್ಕಿಂತ ಮೇಲಿದ್ದರೆ. ಮೂರನೇ ಶಿಕ್ಷಕಿಯನ್ನು ಕೊಟ್ಟಿದ್ದರೆ ಕೋಣೆಗೆ 16, 17 ಮಕ್ಕಳಿರುತ್ತಿದ್ದರು. ಒಪ್ಪಂದದ ಪ್ರತಿಯನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡೇ ಈ ಮಾತಾಡಬೇಕು. ರಾಜ್ಯದ ಮಿತಿ, ಒಪ್ಪಂದದ ಮಿತಿ ಎರಡೂ ಬೇರೆ. ಇಷ್ಟು ಬಿಗಿ ಹಿಡಿಯುವಾಗ ಒಂದು ಎಚ್ಚರವೂ ಬೇಕು. ಸ್ಥಳೀಯವಾಗಿ ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಒಂದೇ ಒಂದು ಶಾಲೆಯ ಸರಾಸರಿ 24 ದಾಟಿದರೂ ಇಡೀ ಜಿಲ್ಲೆ ಆ ತರಗತಿಗಳ ಹೆಚ್ಚುವರಿ ಅನುದಾನವನ್ನು ಕಳೆದುಕೊಳ್ಳುತ್ತದೆ. ಅದಕ್ಕೇ 23.5 ದಾಟಿದ ಶಾಲೆಯನ್ನು ಕೆಂಪು ಬಣ್ಣದಲ್ಲಿ ಗುರುತು ಮಾಡುವುದು.

ಉಳಿದ ದಾರಿ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವ ಕಾಂಬೊ. ಪೋಷಕರಿಗೂ ಇಷ್ಟವಿಲ್ಲ, ಶಿಕ್ಷಕರಿಗೂ ಇಲ್ಲ. ಆದರೂ ಮಾಡಬೇಕಾದರೆ ಫೆಬ್ರವರಿಯಲ್ಲೇ ಹೇಳಿ, ಒಪ್ಪುವ ಶಿಕ್ಷಕಿಯನ್ನು ಹುಡುಕಿ, ತಯಾರಿಗೆ ಹೆಚ್ಚುವರಿ ದಿನಗಳ ಸಂಬಳ ಕೊಡುವುದು ಒಳ್ಳೆಯದು. ಆಗಸ್ಟ್‌ನಲ್ಲಿ ಹೇರಿದ ಕಾಂಬೊ ಕುಟುಂಬಗಳನ್ನು ಓಡಿಸುತ್ತದೆ.

ಮಧ್ಯಾಹ್ನ ಸಿಬ್ಬಂದಿ ವಿಭಾಗದ ಸರದಿ. ಖಾಯಂ ಶಿಕ್ಷಕರನ್ನು ಮುಂದಿನ ವರ್ಷಕ್ಕೆ ಬಿಡಬೇಕಾದರೆ ಪ್ರಾಥಮಿಕ ನೋಟಿಸ್ ಮಾರ್ಚ್ 15ರೊಳಗೆ, ಅಂತಿಮ ನೋಟಿಸ್ ಮೇ 15ರೊಳಗೆ ತಲುಪಬೇಕು. ಬೋಧಕೇತರ ಖಾಯಂ ನೌಕರರಿಗೂ 2022ರಿಂದ ಇದೇ ಗಡುವು. ಮಾರ್ಚ್ 16 ಆದರೆ ಇಡೀ ವರ್ಷ ಅವರ ಸಂಬಳ ಜಿಲ್ಲೆಯ ಮೇಲೆ. ದಿನಾಂಕದಿಂದ ಹಿಂದಕ್ಕೆ ಎಣಿಸಿ: ನೋಟಿಸಿಗೆ ಮೊದಲು ಬೋರ್ಡಿನ ನಿರ್ಣಯ ಬೇಕು, ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಅದಕ್ಕೂ ಮೊದಲು ಸೀನಿಯಾರಿಟಿ ಪಟ್ಟಿ ಪರಿಶೀಲನೆ ಮುಗಿದಿರಬೇಕು. ಹೀಗೆ ಲೆಕ್ಕ ಹಾಕಿದರೆ ಫೆಬ್ರವರಿ ಕೊನೆಯೇ ಕೊನೆಯ ದಿನ.

ಪಟ್ಟಿಯಲ್ಲಿ ಕೆಡುವುದು ಹೆಚ್ಚಾಗಿ ಬೋಧನಾ ಪರವಾನಗಿಯ ಕಾಲಂ. ಕೆಲಸ ಹೋಗುವ ಹಿರಿಯ ಶಿಕ್ಷಕರು ತಮಗೆ ಅರ್ಹತೆ ಇರುವ ಬೇರೆ ವಿಷಯದ ಕಿರಿಯರನ್ನು ಸರಿಸಿ ಆ ಜಾಗಕ್ಕೆ ಬರಬಹುದು. ಯಾರೋ ಮೂರು ವರ್ಷ ಹಿಂದೆ ಗಣಿತದ ಪರವಾನಗಿ ಪಡೆದು ಕಚೇರಿಗೆ ತಿಳಿಸದೇ ಇದ್ದರೆ ನೋಟಿಸ್ ಪ್ರಶ್ನಿಸಿದವರ ವಿಚಾರಣೆಯ ದಿನ ಇಡೀ ಸರಪಳಿ ಕಳಚುತ್ತದೆ. ಡಿಸೆಂಬರ್‌ನಲ್ಲೇ ಪ್ರತಿ ಶಿಕ್ಷಕರಿಗೂ ಅವರ ಸಾಲನ್ನು ಕಳಿಸಿ ಸಹಿ ತರಿಸಿಕೊಳ್ಳುವುದೇ ಇದಕ್ಕೆ ಮದ್ದು.

ಇನ್ನೊಂದು ತಪ್ಪು ಹಣಕಾಸಿನವರದು. ಒಬ್ಬ ಶಿಕ್ಷಕರಿಗೆ ಸರಾಸರಿ ಸಂಬಳ 95,000 ಡಾಲರ್, ಪಿಂಚಣಿ ನಿಧಿಗೆ ಜಿಲ್ಲೆಯ ಪಾಲು ಶೇ 19.10, ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ 1.45, ಆರೋಗ್ಯ ವಿಮೆ 18,000. ಎಲ್ಲ ಸೇರಿ ಸುಮಾರು 1.33 ಲಕ್ಷ. ಹತ್ತು ಜನ ಕಡಿಮೆಯಾದರೆ 13 ಲಕ್ಷ ಉಳಿತಾಯ ಎಂದು ಬರೆದುಬಿಡುತ್ತಾರೆ. ಲೇಆಫ್ ತಾಗುವುದು ಕೆಳಗಿನ ಕಿರಿಯರಿಗೆ. ಅವರ ಸಂಬಳ 65,000 ಇದ್ದರೆ ಒಟ್ಟು ವೆಚ್ಚ 96,000ದ ಆಸುಪಾಸು. ಹತ್ತು ಜನಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಕೊರತೆ ಬೀಳುತ್ತದೆ. ಅದೇ ನಿವೃತ್ತಿಯಿಂದ ಖಾಲಿಯಾದ ಹುದ್ದೆ ತುಂಬದೇ ಬಿಟ್ಟರೆ ಸರಾಸರಿಗಿಂತ ಹೆಚ್ಚೇ ಉಳಿಯುತ್ತದೆ. ಆದ್ದರಿಂದ ಜನವರಿ ಮುಗಿಯುವುದರೊಳಗೆ ನಿವೃತ್ತಿ ಅಥವಾ ರಾಜೀನಾಮೆ ತಿಳಿಸಿದವರಿಗೆ ಒಂದಿಷ್ಟು ಪ್ರೋತ್ಸಾಹಧನ ಕೊಡುವ ಪದ್ಧತಿ ಬಹಳ ಲಾಭದ್ದು. ಮೇ ತಿಂಗಳಲ್ಲಿ ಗೊತ್ತಾಗುವ ಹತ್ತು ನಿವೃತ್ತಿಗಳು ಫೆಬ್ರವರಿಯಲ್ಲೇ ಗೊತ್ತಾದರೆ ಹತ್ತು ನೋಟಿಸ್ ಬರೆಯುವುದೇ ಬೇಡ. 'ಸುರಕ್ಷಿತವಾಗಿರಲಿ' ಎಂದು ಬೇಕಾದ್ದಕ್ಕಿಂತ ಎರಡು ಪಟ್ಟು ನೋಟಿಸ್ ಕೊಡುವವರಿದ್ದಾರೆ. ನನ್ನ ಮಟ್ಟಿಗೆ ಅದು ಅತ್ಯಂತ ದುಬಾರಿ ಸುರಕ್ಷತೆ. ಒಳ್ಳೆಯ ಕಿರಿಯರು ಏಪ್ರಿಲ್‌ನಲ್ಲೇ ಪಕ್ಕದ ಜಿಲ್ಲೆಗೆ ಸೇರಿರುತ್ತಾರೆ, ಮೇನಲ್ಲಿ ನೋಟಿಸ್ ಹಿಂತೆಗೆದರೆ ವಾಪಸು ಬರುವುದಿಲ್ಲ.

ಒಂದು ಬಾರಿಯ ಹಣದ ಮಾತೂ ಈ ಹೊತ್ತಿಗೆ ಬರುತ್ತದೆ. ಕೋವಿಡ್ ಕಾಲದ ಮೂರು ಕಂತುಗಳಲ್ಲಿ ಕೇಂದ್ರದಿಂದ ದೇಶದ ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರ್ ಬಂತು. ಕೊನೆಯ ಕಂತನ್ನು ವಿನಿಯೋಗಕ್ಕೆ ಗೊತ್ತುಪಡಿಸುವ ಗಡುವು 2024ರ ಸೆಪ್ಟೆಂಬರ್ 30. ಅದರಲ್ಲಿ ಖಾಯಂ ಹುದ್ದೆ ತುಂಬಿದ ಜಿಲ್ಲೆಗಳು ಈಗ ಆ ಸಂಬಳವನ್ನು ಸಾಮಾನ್ಯ ನಿಧಿಯಿಂದ ಕೊಡುತ್ತಿವೆ. ಪ್ರತಿ ಹುದ್ದೆಯ ಮುಂದೆ 'ಹಣದ ಮೂಲ' ಮತ್ತು 'ಮುಗಿಯುವ ದಿನ' ಎಂಬ ಎರಡು ಕಾಲಂ ಇಲ್ಲದ ಹುದ್ದೆ ಪಟ್ಟಿಯನ್ನು ನಂಬಬೇಡಿ.

ನಾಲ್ಕು ಗಂಟೆ ಹೊತ್ತಿಗೆ ಜಿಲ್ಲೆಯ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟ್ ಬಂದಾಗ ಎಲ್ಲರೂ ತಪ್ಪಿಸುತ್ತಿದ್ದ ಪ್ರಶ್ನೆ ಬರುತ್ತದೆ: ಒಂದು ಶಾಲೆ ಮುಚ್ಚಿದರೆ? ಉಳಿಯುವುದು ಜನ ಊಹಿಸಿದಷ್ಟಲ್ಲ. ಮಕ್ಕಳ ಜೊತೆ ಶಿಕ್ಷಕರೂ ಹೋಗುತ್ತಾರೆ. ನಿಜವಾಗಿ ಉಳಿಯುವುದು ಪ್ರಿನ್ಸಿಪಾಲರು, ಕಚೇರಿ ಸಿಬ್ಬಂದಿ, ಕಟ್ಟಡ ನೋಡಿಕೊಳ್ಳುವವರು, ವಿದ್ಯುತ್ತು, ನೀರು. ಅದರ ಜೊತೆಗೆ ತರಗತಿಗಳು ಪೂರ್ತಿ ತುಂಬುವುದರಿಂದ ಮೂರೋ ನಾಲ್ಕೋ ಶಿಕ್ಷಕ ಹುದ್ದೆ. 300 ಮಕ್ಕಳಲ್ಲಿ 30 ಮಂದಿ ಸಿಟ್ಟಿನಿಂದ, ಸರ್ಕಾರಿ ಹಣದಲ್ಲೇ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗೆ ಹೋದರೆ 3.9 ಲಕ್ಷ ಡಾಲರ್ ಅಲ್ಲೇ ಕರಗಿತು. ಖಾಲಿ ಕಟ್ಟಡ ಬಾಡಿಗೆಗೆ ಹೋಗುವವರೆಗೆ ಕಾವಲು, ವಿಮೆ ತಪ್ಪಿದ್ದಲ್ಲ. ಬಾಡಿಗೆಗೋ ಮಾರಾಟಕ್ಕೋ ಕೊಡಬೇಕಾದರೆ ಏಳಕ್ಕೆ ಕಡಿಮೆಯಿಲ್ಲದ, ಹನ್ನೊಂದಕ್ಕೆ ಮೀರದ ಸದಸ್ಯರ ಸಾರ್ವಜನಿಕ ಸಮಿತಿ ಕೂರಬೇಕು. ಇಲ್ಲಿ ಅದಕ್ಕೆ 'ಸೆವೆನ್ ಇಲೆವೆನ್ ಸಮಿತಿ' ಎಂದೇ ಹೆಸರು.

ಹಾಗಂತ ಮುಚ್ಚಲೇಬಾರದು ಎನ್ನುವವನಲ್ಲ ನಾನು. ಪ್ರತಿ ತರಗತಿಗೂ ಒಂದೊಂದೇ ಕೋಣೆ ಉಳಿದ ಶಾಲೆಯಲ್ಲಿ ಶಿಕ್ಷಕಿಗೆ ಜೊತೆಗಾರ್ತಿ ಇಲ್ಲ, ಗ್ರಂಥಾಲಯ ವಾರಕ್ಕೆರಡು ದಿನ, ನರ್ಸ್ ಒಂದೇ ದಿನ. ಆದರೆ ಜನವರಿಯಲ್ಲಿ ಹೇಳಿ ಆಗಸ್ಟ್‌ನಲ್ಲಿ ಮುಚ್ಚುವುದು ಆಗದ ಕೆಲಸ. ಯಾವ ಮಾನದಂಡ ಎಂಬುದನ್ನು ಶಾಲೆಗಳ ಹೆಸರು ಎತ್ತುವ ಮೊದಲೇ ಬೋರ್ಡು ಅಂಗೀಕರಿಸಬೇಕು. ಮುಂದಿನ ಶಾಲೆಗೆ ನಡೆಯುವ ದೂರ, ದಾಟಬೇಕಾದ ದೊಡ್ಡ ರಸ್ತೆ, ಕಟ್ಟಡದ ಸ್ಥಿತಿ, ವಿಶೇಷ ಶಿಕ್ಷಣದ ತರಗತಿಗಳು ಎಲ್ಲಿವೆ ಎಂಬುದೆಲ್ಲ ಅದರಲ್ಲಿರಬೇಕು. ಹೆಸರು ಮೊದಲು ಬಂದರೆ ಆಮೇಲಿನ ಮಾನದಂಡವನ್ನು ಯಾರೂ ನಂಬುವುದಿಲ್ಲ. ಹದಿನೆಂಟು ತಿಂಗಳು ಬೇಕು ಎಂದುಕೊಂಡೇ ಹೊರಡಿ.

ಐದೂವರೆಗೆ ಅಂತಿಮ ಸಂಖ್ಯೆ ಹುದ್ದೆ ಪಟ್ಟಿಗೆ ಹೋಗುತ್ತದೆ. ಈ ವರ್ಷವೂ ಸೇರಿ ಮೂರು ವರ್ಷಗಳ ಲೆಕ್ಕದಲ್ಲಿ ಕಾಯ್ದಿಟ್ಟ ನಿಧಿ ಈ ಗಾತ್ರದ ಜಿಲ್ಲೆಗೆ ಕಡ್ಡಾಯವಾದ, ಖರ್ಚಿನ ಶೇ 3ಕ್ಕಿಂತ ಕೆಳಗೆ ಬೀಳುವಂತಿದ್ದರೆ, ಜಿಲ್ಲೆಗಳ ಬಜೆಟ್ಟಿನ ಮೇಲೆ ಕಣ್ಣಿಡುವ ಕೌಂಟಿ ಶಿಕ್ಷಣ ಕಚೇರಿ ಪ್ರಶ್ನೆ ಕೇಳುತ್ತದೆ. ಅವರು ಕೇಳುವ ಮೊದಲೇ ನಾವೇ ಫೋನ್ ಮಾಡುವುದು ವಾಸಿ. ಮುಗಿಸುವ ಮುನ್ನ ಇನ್ನೊಂದು ಕೆಲಸ. ಪ್ರಾಥಮಿಕ ಶಾಲೆಗಳಿಗೆ ಕೊಟ್ಟ ಹುದ್ದೆಗಳ ಹೊರತಾಗಿ ಮೂರು ಹುದ್ದೆಗಳನ್ನು ಯಾವ ಶಾಲೆಗೂ ಕೊಡದೆ ಕಚೇರಿಯಲ್ಲೇ ಇಟ್ಟುಕೊಳ್ಳುವುದು. ಅಂದಾಜು ಎಷ್ಟೇ ಚೆನ್ನಾಗಿದ್ದರೂ ಆಗಸ್ಟ್‌ನಲ್ಲಿ ಎಲ್ಲೋ ಒಂದು ಕಡೆ ಹತ್ತು ಮಕ್ಕಳು ಹೆಚ್ಚು ಬರುತ್ತಾರೆ. ಶಾಲೆ ತೆರೆದ ಹತ್ತನೇ ದಿನದ ಎಣಿಕೆಯ ಮೇಲೆ ಆ ಹುದ್ದೆಗಳು ಹೋಗುತ್ತವೆ, ಮೂರನೇ ವಾರ ಕಳೆದ ಮೇಲೆ ಯಾವ ಶಿಕ್ಷಕರನ್ನೂ ಕದಲಿಸುವುದಿಲ್ಲ ಎಂಬ ನಿಯಮವನ್ನು ಅದೇ ಸಂಜೆ ಬರೆದು ಪ್ರಿನ್ಸಿಪಾಲರಿಗೆಲ್ಲ ಕಳಿಸಬೇಕು. ಹಂಚುವ ಅಧಿಕಾರ ಒಬ್ಬ ಸಹಾಯಕ ಸೂಪರಿಂಟೆಂಡೆಂಟ್‌ಗೆ ಇದ್ದರೆ ಸಾಕು. ಬೋರ್ಡಿಗೆ ಮುಂದಿನ ಸಭೆಯಲ್ಲಿ ವರದಿ ಕೊಟ್ಟರಾಯಿತು.