ಬ್ಲಾಕ್ ನೆಲದ ಮೇಲಿದ್ದರೆ ಪೆಟ್ಟು ಸೊಂಟಕ್ಕೆ

ಆರು ಇಂಚಿನ ಸಾಲಿಡ್ ಬ್ಲಾಕ್ ಒಂದೊಂದೂ 20 ಕೆಜಿ ಮೀರುತ್ತೆ. ಗೋಡೆ ಕಟ್ಟೋರು ಅದನ್ನು ಪಾದದ ಹತ್ತಿರದಿಂದ, ಕೈ ಚಾಚಿ ಎತ್ತುತ್ತಾರೆ. ಲೆಕ್ಕ ಹಾಕಿ ನೋಡಿ: ಬ್ಲಾಕ್ ಬೆನ್ನುಮೂಳೆಯಿಂದ ಅರ್ಧ ಮೀಟರ್ ಮುಂದಿದೆ, ಅದನ್ನು ತಡೆದು ಹಿಡಿಯೋ ಸ್ನಾಯು ಬರೀ 5 ಸೆಂಟಿಮೀಟರ್ ಹಿಂದಿದೆ. ದೂರ ಹತ್ತು ಪಟ್ಟು, ಹಾಗಾಗಿ 20 ಕೆಜಿಗೆ ಸ್ನಾಯು 200 ಕೆಜಿಯಷ್ಟು ಬಲ ಹಾಕಿ ಎಳೆಯಬೇಕು. ಬಗ್ಗಿದ ಮೈಭಾರ ಬೇರೆ. ಅದೇ ಬ್ಲಾಕನ್ನು ಹೊಟ್ಟೆಗೆ ಆನಿಸಿಕೊಂಡರೆ ಈ ಎಳೆತ ಅರ್ಧಕ್ಕಿಳಿಯುತ್ತೆ.

"ಮಂಡಿ ಮಡಚಿ ಎತ್ತಪ್ಪ" ಅಂತ ಹೇಳೋದು ಸುಲಭ. ದಿನಕ್ಕೆ ನೂರಾರು ಸಲ ಎತ್ತೋನು ಪ್ರತಿ ಸಲ ಕೂತು ಏಳೋಕಾಗಲ್ಲ. ಸರಕಿನ ಎತ್ತರ ಏರಿಸೋದು ಮೇಸ್ತ್ರಿಯ ಕೆಲಸ. ಮೂರು ವರಸೆ ಬ್ಲಾಕ್ ಪೇರಿಸಿ ಹಲಗೆ ಹಾಕಿದರೆ 60 ಸೆಂಟಿಮೀಟರಿನ ಕಟ್ಟೆ ಆಯಿತು. ಎತ್ತೋ ಬ್ಲಾಕೂ ಕಲಸಿದ ಗಾರೆಯ ಬಾಂಡ್ಲಿಯೂ ಅದರ ಮೇಲಿರಲಿ. ಗೋಡೆ ಎದೆಮಟ್ಟಕ್ಕೆ ಬಂದ ಕೂಡಲೇ ಸಾರವೆ ಕಟ್ಟಿ.

ತಲೆ ಮೇಲೆ ಬಾಂಡ್ಲಿ ಹೊರೋ ಹೆಣ್ಣುಮಕ್ಕಳಿಗೆ ಕತ್ತಿನ ನೋವಿನ ಜೊತೆ, ಅದನ್ನು ನೆಲದಿಂದ ತಿರುಚಿ ಏರಿಸೋವಾಗ ಸೊಂಟವೂ ಹೋಗುತ್ತೆ. ಮುಕ್ಕಾಲು ತುಂಬಿಸಿ, ಇಬ್ಬರು ಎರಡೂ ಕಡೆ ಹಿಡಿದು ಏರಿಸಿ, ಸಿಂಬೆ ತಪ್ಪಿಸಬೇಡಿ. ಕಟ್ಟಡ ಕಾರ್ಮಿಕರಿಗಾಗಿ ಮಾಡಿದ 1998ರ ಕೇಂದ್ರ ನಿಯಮಗಳು ಹಾಕಿದ ಮಿತಿ ಇದು: ನೆರವಿಲ್ಲದೆ ಹೆಂಗಸರು 30 ಕೆಜಿ, ಗಂಡಸರು 55 ಕೆಜಿಗಿಂತ ಹೆಚ್ಚು ಹೊರುವಂತಿಲ್ಲ. ನಮ್ಮ ಸಿಮೆಂಟ್ ಚೀಲ 50 ಕೆಜಿ, ಗಂಡಸರ ಮಿತಿಯೊಳಗೇ ಇದೆ, ಹೆಂಗಸರದ್ದು ಮೀರುತ್ತೆ. ಬ್ರಿಟನ್ನಿನಲ್ಲಿ ಅದೇ ಸಿಮೆಂಟ್ 25 ಕೆಜಿ ಚೀಲದಲ್ಲಿ ಬರುತ್ತೆ. ನಮಗೂ ಅದು ಬೇಕು. ಅಲ್ಲಿವರೆಗೆ ಒಂದು ಚೀಲಕ್ಕೆ ಇಬ್ಬರು, ಇಲ್ಲವೇ ಕೈಗಾಡಿ.

ಸ್ಲ್ಯಾಬಿನ ಕಂಬಿ ಕಟ್ಟೋರ ಕಷ್ಟವೇ ಬೇರೆ. ಕೊಕ್ಕೆ ಹಿಡಿದು ಬಗ್ಗಿಯೇ ಇದ್ದರೆ ಬೆನ್ನುಮೂಳೆ ಹಿಡಿದಿಡೋ ಕಟ್ಟುಗಳು (ಲಿಗಮೆಂಟ್) ನಿಧಾನವಾಗಿ ಸಡಿಲ ಬೀಳುತ್ತವೆ. ಆ ಹೊತ್ತಲ್ಲಿ ಎದ್ದವನೇ ಕಂಬಿಯ ಕಟ್ಟಿಗೆ ಕೈ ಹಾಕಿದರೆ ಕಳಕ್ ಅನ್ನುತ್ತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ವಾಲಿ. ಭಾರ ಎತ್ತೋ ಮುಂಚೆ ಸ್ವಲ್ಪ ನಡೆದಾಡಿ. ಸೊಂಟದ ಬೆಲ್ಟ್ ನಂಬಿ ಕೂರಬೇಡಿ, ಅದು ಪೆಟ್ಟು ತಪ್ಪಿಸುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ.

ಬೆನ್ನು ಹಿಡಿದರೆ ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ. ಓಡಾಟ ಇರಲಿ, ಭಾರ ಬೇಡ. ಕಾಲಿಗೆ ಇಳಿಯೋ ನೋವು ಕೂಡ ಬಹುತೇಕರಿಗೆ ಕೆಲವು ವಾರಗಳಲ್ಲಿ ಆಪರೇಷನ್ ಇಲ್ಲದೆ ತಗ್ಗುತ್ತೆ. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ತೊಡೆಸಂದು-ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದೆ ನೆಲಕ್ಕೆ ಉಜ್ಜಿದರೆ ಶನಿವಾರದ ಬಟವಾಡೆ ಆಗಲಿ ಅಂತ ಕಾಯಬೇಡಿ. ಅದೇ ದಿನ ಎಂಆರ್‌ಐ ಇರೋ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಮೂತ್ರದ ವಿಷಯ ನಾಚಿಕೊಳ್ಳದೆ ಮೊದಲೇ ಹೇಳಿ.