ವಿಯೆನ್ನಾದ ಕೆಫೆಗಳಲ್ಲಿ ಕೂತವರು

ವಿಯೆನ್ನಾಗೆ ಹೋದವರು ಸಾಮಾನ್ಯವಾಗಿ ಕೆಫೆ ಸೆಂಟ್ರಲ್ ಮುಂದೆ ಕ್ಯೂ ನಿಲ್ಲುತ್ತಾರೆ. 1876ರಲ್ಲಿ ಶುರುವಾದ ಕೆಫೆ ಅದು. ಕಂಬ, ಕಮಾನು ಎಲ್ಲ ಚೆಂದವೇ. ಆದರೆ ನನಗೆ ಜಾಸ್ತಿ ಆಸೆ ಇದ್ದದ್ದು ಅದೇ ಹೆರೆನ್‌ಗಾಸ್ಸೆ ರಸ್ತೆಯ 10ನೇ ನಂಬರಿನ ಕಟ್ಟಡ ನೋಡಬೇಕು ಅಂತ. ಕೆಫೆ ಹೆರೆನ್‌ಹೋಫ್ ಇದ್ದದ್ದು ಅಲ್ಲಿ. ಈಗ ಅದೇ ಹೆಸರಿನ ದೊಡ್ಡ ಹೋಟೆಲ್ ಇದೆ, ಸೂಟ್‌ಕೇಸ್ ಎಳೆದುಕೊಂಡು ಜನ ಬರ್ತಾ ಹೋಗ್ತಾ ಇರುತ್ತಾರೆ.

ಹೆರೆನ್‌ಹೋಫ್ ತೆರೆದದ್ದು 1918ರಲ್ಲಿ, ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಮುರಿದುಬಿದ್ದ ವರ್ಷ. ಹಳೇ ಲೇಖಕರು ಸೆಂಟ್ರಲ್‌ನಲ್ಲೇ ಉಳಿದರೆ, ಲೇಖಕರ ಹೊಸ ತಲೆಮಾರು ಇಲ್ಲಿಗೆ ಬಂತು. ರಾಬರ್ಟ್ ಮ್ಯೂಸಿಲ್, ಹೆರ್ಮಾನ್ ಬ್ರೋಖ್, ಜೋಸೆಫ್ ರೋಥ್, ಫ್ರಾಂಜ್ ವೆರ್ಫೆಲ್ ಎಲ್ಲ ಇಲ್ಲಿ ಕೂರುತ್ತಿದ್ದವರು. ಹೆಂಗಸರೂ ಬರುತ್ತಿದ್ದರು. ಪ್ರಾಗ್‌ನಿಂದ ಬಂದ ಪತ್ರಕರ್ತೆ ಮಿಲೆನಾ ಯೆಸೆನ್ಸ್ಕಾ ಗಂಡನ ಜೊತೆ ಇಲ್ಲಿನ ಟೇಬಲ್ಲಿಗೆ ಬರುತ್ತಿದ್ದಳು.

ಇಡೀ ದಿನ ಕೆಫೆಯಲ್ಲಿ ಯಾಕೆ ಕೂರಬೇಕಿತ್ತು? ಸುಮ್ನೆ ಶೋಕಿಗಲ್ಲ. ಮೊದಲ ಮಹಾಯುದ್ಧ ಮುಗಿದಾಗ ಊರಲ್ಲಿ ಕಲ್ಲಿದ್ದಲು ಇರಲಿಲ್ಲ, ಬಾಡಿಗೆ ಕೋಣೆಗಳು ಇಕ್ಕಟ್ಟು, ಚಳಿಯೋ ಚಳಿ. ದುಡ್ಡಿಗೆ ಬೆಲೆಯೇ ಹೋಗಿತ್ತು. ಹೊಸ ಶಿಲ್ಲಿಂಗ್ ತಂದಾಗ ಒಂದು ಶಿಲ್ಲಿಂಗಿಗೆ 10,000 ಹಳೇ ಕ್ರೋನ್ ಕೊಡಬೇಕಾಯಿತು. ಕೆಫೆಯಲ್ಲಿ ಒಂದು ಕಾಫಿ ತಗೊಂಡರೆ ಬೆಚ್ಚಗಿನ ಜಾಗ, ದೀಪ, ಓದಲು ಪೇಪರ್, ಮಾತಿಗೆ ಜನ ಎಲ್ಲ ಸಿಗುತ್ತಿತ್ತು. ಕೆಲವರಿಗೆ ಕಾಗದಗಳೂ ಕೆಫೆ ವಿಳಾಸಕ್ಕೇ ಬರುತ್ತಿದ್ದವು. ಎದ್ದು ಹೋಗಿ ಅಂತ ಯಾರೂ ಹೇಳುತ್ತಿರಲಿಲ್ಲ. ಆ ಊರು ತನ್ನ ಲೇಖಕರಿಗೆ ಕೊಟ್ಟ ದೊಡ್ಡ ಆಸರೆ ಇದೇ ಅಂತ ನನಗನ್ನಿಸುತ್ತದೆ.

ಆ ರೀತಿ ಇನ್ನೂ ಉಳಿದಿರುವುದು ಗುಂಪೆನ್‌ಡಾರ್ಫರ್ ರಸ್ತೆಯ ಕೆಫೆ ಸ್ಪೆರ್ಲ್‌ನಲ್ಲಿ. 1880ರ ಕೆಫೆ. ಬಿಲಿಯರ್ಡ್ಸ್ ಟೇಬಲ್ಲುಗಳಿವೆ, ಒಂದರ ಮೇಲೆ ಪೇಪರ್ ಹರಡಿಟ್ಟಿದ್ದರು. ನಾನು ಮೆಲಾಂಜ್ ಹೇಳಿದೆ, ಅಂದರೆ ಹಾಲು ಬೆರೆಸಿ ಮೇಲೆ ನೊರೆ ಬರಿಸಿದ ಕಾಫಿ. ಪುಟ್ಟ ಲೋಹದ ತಟ್ಟೆಯಲ್ಲಿ ಕಾಫಿ ಕಪ್, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಚಮಚ. ಕಾಫಿ ಖಾಲಿಯಾದ ಮೇಲೂ ವೇಟರ್ ಬಿಲ್ ತರಲಿಲ್ಲ. ನೀರು ಮಾತ್ರ ಮತ್ತೆ ತಂದಿಟ್ಟರು. ದರ್ಶಿನಿಯಲ್ಲಿ ನಿಂತೇ ಕಾಫಿ ಕುಡಿದು ಓಡುವ ನಮಗೆ ಇಷ್ಟೊಂದು ಪುರುಸೊತ್ತು ಹೊಸದು ಅಲ್ವಾ? ಮಧ್ಯಾಹ್ನ ಪೂರ್ತಿ ಅಲ್ಲೇ ಕಳೆದೆ. ಪಕ್ಕದ ಟೇಬಲ್ಲಿನ ಅಜ್ಜ ಒಂದಾದ ಮೇಲೊಂದು ಪೇಪರ್ ಮುಗಿಸುತ್ತಿದ್ದರು.

ಮಾರನೇ ದಿನ ವಿಶ್ವವಿದ್ಯಾಲಯಕ್ಕೆ ಹೋದೆ. 'ವಿಯೆನ್ನಾ ಬಳಗ'ದ ತತ್ತ್ವಜ್ಞಾನಿಗಳು ಗುರುವಾರ ಸಂಜೆ ಹತ್ತಿರದ ಬೋಲ್ಟ್ಸ್‌ಮನ್‌ಗಾಸ್ಸೆಯಲ್ಲಿ ಸೇರುತ್ತಿದ್ದರು, ಚರ್ಚೆ ಕೆಫೆಗಳಲ್ಲಿ ಮುಂದುವರಿಯುತ್ತಿತ್ತು. ಗಣಿತಜ್ಞ ಕರ್ಟ್ ಗೋಡೆಲ್ ಕೂಡ ಅವರಲ್ಲೊಬ್ಬ. ಬಳಗದ ಹಿರಿಯ ಮೊರಿಟ್ಸ್ ಶ್ಲಿಕ್ ಅವರನ್ನು 1936ರ ಜೂನ್ 22ರಂದು ವಿಶ್ವವಿದ್ಯಾಲಯದ ಕಟ್ಟಡದ ಮೆಟ್ಟಿಲ ಮೇಲೆ ಅವರ ಹಳೇ ವಿದ್ಯಾರ್ಥಿಯೊಬ್ಬ ಗುಂಡಿಟ್ಟು ಕೊಂದ. ಆ ಜಾಗದಲ್ಲಿ ನೆಲದ ಮೇಲೇ ಬರಹವಿದೆ. ಹುಡುಗರು ಅದನ್ನು ದಾಟಿಕೊಂಡು ಕ್ಲಾಸಿಗೆ ಓಡುತ್ತಾರೆ.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಯಹೂದಿ ಮಾಲೀಕರ ಕೆಫೆಗಳನ್ನು ಕಿತ್ತುಕೊಂಡರು. ಕೂರುತ್ತಿದ್ದವರೂ ಚೆದುರಿಹೋದರು. ಬ್ರೋಖ್ ಜೈಲಿಗೆ ಹೋಗಿ, ಬಿಡುಗಡೆಯಾಗಿ, ಕೊನೆಗೆ ಅಮೆರಿಕ ಸೇರಿದ. ರೋಥ್ 1939ರಲ್ಲಿ ಪ್ಯಾರಿಸ್‌ನಲ್ಲಿ, ಮ್ಯೂಸಿಲ್ 1942ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಗೋಡೆಲ್ ಪ್ರಿನ್ಸ್‌ಟನ್‌ಗೆ ಹೋದ. ಅಷ್ಟರಲ್ಲಾಗಲೇ ಪ್ರಾಗ್‌ಗೆ ಮರಳಿದ್ದ ಮಿಲೆನಾಳನ್ನು ನಾಜಿಗಳು ಅಲ್ಲೇ ಹಿಡಿದರು. ಅವಳು 1944ರಲ್ಲಿ ರಾವೆನ್ಸ್‌ಬ್ರೂಕ್ ಎಂಬ ನಾಜಿ ಸೆರೆಶಿಬಿರದಲ್ಲಿ ಸತ್ತಳು.